ಫ್ರಾನ್ಸಿನ ದ್ರಾಕ್ಷಿ ತೋಟಗಳ ನಡುವೆ ಸೈಕಲ್: ವಾಹನಗಳ ಕಾಟವಿಲ್ಲದ ದಾರಿ ನಿಜವಾಗಿಯೂ ಇದೆಯೇ?

ಕೋಥರೂಡಿನಿಂದ:

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು, ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೊಂಬತ್ತು ವರ್ಷಗಳಾದವು. ಬ್ಯಾಂಕಿನ ಕೆಲಸದಿಂದ ಕಳೆದ ವರ್ಷ ಸ್ವಯಂ ನಿವೃತ್ತಿ ಪಡೆದೆ. ನಮ್ಮ ಯಜಮಾನರಿಗೆ ಐವತ್ತೆಂಟು, ನನಗೆ ಐವತ್ನಾಲ್ಕು. ಮದುವೆಯಾದ ಹೊಸದರಲ್ಲಿ ಇಬ್ಬರೂ ಸೈಕಲ್ಲಿನಲ್ಲಿಯೇ ಕರ್ವೆ ರಸ್ತೆ ಹಿಡಿದು ಡೆಕ್ಕನ್‌ವರೆಗೆ ಹೋಗಿ ಬರುತ್ತಿದ್ದೆವು. ಆಗ ಪುಣೆಯನ್ನು ಸೈಕಲ್ಲಿನ ಊರು ಎಂದೇ ಕರೆಯುತ್ತಿದ್ದರು. ಈಗ ನಸುಕಿನ ಐದಕ್ಕೆ ಹೊರಟು ಏಳರೊಳಗೆ ಮನೆ ಸೇರಬೇಕು, ಅಷ್ಟೇ ನಮ್ಮ ಪಾಲಿನ ರಸ್ತೆ.

ಕಳೆದ ದೀಪಾವಳಿಯ ಹೊತ್ತಿಗೆ ವಾರ್ಜೆಯ ಹತ್ತಿರ ಒಂದು ಸ್ಕೂಟರಿನ ಕನ್ನಡಿ ಅವರ ಹ್ಯಾಂಡಲ್ಲಿಗೆ ತಗುಲಿ, ಅವರು ಕೆಳಗೆ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೂಳೆ ಚೆನ್ನಾಗಿ ಕೂಡಿದೆ, ವೈದ್ಯರು ಸೈಕಲ್ ತುಳಿಯಬಹುದು ಎಂದಿದ್ದಾರೆ. ಆದರೆ ಹಿಂದಿನಿಂದ ಹಾರ್ನ್ ಕೇಳಿದೊಡನೆ ಅವರ ಭುಜ ಬಿಗಿಯಾಗುತ್ತದೆ, ಸೈಕಲ್ ಎಡಕ್ಕೆ ಜಗ್ಗುತ್ತದೆ. ಹಿಂದೆ ಬರುವ ನನಗೆ ಅದು ಕಾಣುತ್ತದೆ. ಅವರು ಬಾಯಿಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ.

ಮಗಳು ಫ್ರಾನ್ಸಿನ ಲಿಯೋಂನಲ್ಲಿ ಓದುತ್ತಿದ್ದಾಳೆ. ‘ಇಲ್ಲಿಗೆ ಬನ್ನಿ, ದ್ರಾಕ್ಷಿ ತೋಟಗಳ ನಡುವೆ ಕಾರು ಬಸ್ಸುಗಳಿಲ್ಲದ ದಾರಿಗಳಿವೆ, ಅಪ್ಪನನ್ನು ಅಲ್ಲಿ ಬಿಟ್ಟುಬಿಡೋಣ’ ಎನ್ನುತ್ತಾಳೆ. ಆದರೆ ಅವಳು ಸ್ವತಃ ಸೈಕಲ್ ತುಳಿದು ನೋಡಿದವಳಲ್ಲ. ಹೋಗಿ ಬಂದವರು ಇದ್ದರೆ ದಯವಿಟ್ಟು ಹೇಳಿ. ವಾಹನವೇ ಇಲ್ಲದ ದಾರಿ ನಿಜವಾಗಿಯೂ ಇದೆಯೇ, ಅಥವಾ ಹೆದ್ದಾರಿಯ ಪಕ್ಕದಲ್ಲಿ ಬಿಳಿ ಗೆರೆ ಎಳೆದು ಅದನ್ನೇ ಸೈಕಲ್ ದಾರಿ ಎನ್ನುತ್ತಾರೆಯೇ? ನಾವು ದಿನಕ್ಕೆ ಮೂವತ್ತು ಕಿಲೋಮೀಟರ್ ತುಳಿಯಬಲ್ಲೆವು, ಘಾಟಿ ಹತ್ತುವುದು ನನ್ನಿಂದಾಗದು. ಇಬ್ಬರೂ ಸಸ್ಯಾಹಾರಿಗಳು, ಕುಡಿಯುವವರೂ ಅಲ್ಲ. ‘ಕುಡಿಯದವರು ವೈನ್ ಸೀಮೆಗೆ ಹೋಗಿ ಮಾಡುವುದೇನು’ ಎಂದು ನನ್ನ ತಂಗಿ ಕೇಳಿದಳು, ಅದಕ್ಕೂ ನನ್ನಲ್ಲಿ ಉತ್ತರವಿಲ್ಲ. ಯಾವ ತಿಂಗಳು ಒಳ್ಳೆಯದು?

ತಿಕೋಟಾದವನು, ಪಿಂಪ್ರಿ:

ಅಕ್ಕನವರೇ, ನಿಮ್ಮ ಪ್ರಶ್ನೆ ಓದಿ ಸುಮ್ಮನಿರಲಾಗಲಿಲ್ಲ. ನಾನು ವಿಜಯಪುರ ಜಿಲ್ಲೆಯ ತಿಕೋಟಾದ ದ್ರಾಕ್ಷಿ ಬೆಳೆಗಾರರ ಮನೆಯವನು, ಇಪ್ಪತ್ತು ವರ್ಷಗಳಿಂದ ಪಿಂಪ್ರಿಯಲ್ಲಿ ನೌಕರಿ. 2023ರ ಸೆಪ್ಟೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ಬರ್ಗಂಡಿ ಸೀಮೆಯಲ್ಲಿ ಎಂಟು ದಿನ ಸೈಕಲ್ ತುಳಿದೆವು. ನಾನೂ ಕುಡಿಯುವುದಿಲ್ಲ. ನಿಮ್ಮ ತಂಗಿಯ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ.

ವಾಹನವಿಲ್ಲದ ದಾರಿ ಇದೆ. ಒಂದಲ್ಲ, ಎರಡು ಬಗೆಯದು ಇದೆ, ಎರಡರ ಸ್ವಭಾವವೂ ಬೇರೆ. ಇದನ್ನು ಮೊದಲೇ ತಿಳಿದುಕೊಂಡರೆ ಯಜಮಾನರಿಗೆ ಅನುಕೂಲ.

ಮೊದಲನೆಯದು ಹಳೆಯ ರೈಲು ಹಳಿ ಕಿತ್ತು ಮಾಡಿದ ದಾರಿ. ಅಲ್ಲಿ ಇದಕ್ಕೆ ‘ಹಸಿರು ದಾರಿ’ ಎಂಬ ಅರ್ಥದ ‘ವುವಾ ವೆರ್ತ್’ ಎಂಬ ಹೆಸರಿದೆ. ಜಿವ್ರಿ ಎಂಬ ಊರಿನಿಂದ ಕ್ಲುನಿವರೆಗೆ 44 ಕಿಲೋಮೀಟರ್. ಫ್ರಾನ್ಸಿನಲ್ಲಿ ಇಂಥ ದಾರಿಗಳಲ್ಲಿ ಇದೇ ಮೊದಲನೆಯದು, 1997ರಲ್ಲಿ ತೆರೆದದ್ದು. ರೈಲು ಹೋಗುತ್ತಿದ್ದ ದಾರಿಯಾದ್ದರಿಂದ ಏರು ಇದ್ದರೂ ಕಾಲಿಗೆ ಗೊತ್ತಾಗದಷ್ಟು ನಿಧಾನ. ಕಾರು, ಮೋಟಾರ್ ಸೈಕಲ್ ಒಳಗೆ ಬರುವಂತಿಲ್ಲ. ಊರ ರಸ್ತೆ ಅಡ್ಡ ಬರುವಲ್ಲಿ ಮಾತ್ರ ಇಳಿದು ಎರಡೂ ಕಡೆ ನೋಡಿ ದಾಟಬೇಕು. ಹಳೆಯ ಸ್ಟೇಷನ್ ಕಟ್ಟಡಗಳು ಇನ್ನೂ ಇವೆ. ಬ್ಯುಕ್ಸಿ, ಸಾಂ-ಜಾಂಗೂ, ಕೊರ್ಮತಾಂ ಎಂದು ಒಂದೊಂದೇ ಊರು ದಾಟುವಾಗ ನಮ್ಮ ಮೀರಜ್-ವಿಜಯಪುರ ಕಡೆಯ ಸಣ್ಣ ಸ್ಟೇಷನ್‌ಗಳು ನೆನಪಾಗುತ್ತವೆ. ಕ್ಲುನಿಯಲ್ಲಿ 910ರಲ್ಲಿ ಸ್ಥಾಪನೆಯಾದ ಮಠವಿದೆ. ರೋಮಿನ ಸಂತ ಪೀಟರರ ಚರ್ಚ್ ಕಟ್ಟುವವರೆಗೆ ಕ್ರೈಸ್ತ ಲೋಕದ ಅತಿ ದೊಡ್ಡ ಚರ್ಚ್ ಅದೇ ಆಗಿತ್ತು. ಕ್ರಾಂತಿಯ ನಂತರ ಕಲ್ಲಿಗಾಗಿ ಕೆಡವಿದರು, ಈಗ ಉಳಿದಿರುವುದು ಸ್ವಲ್ಪವೇ. ಅಲ್ಲಿಂದ ಮಾಕೋಂ ಕಡೆಗೆ ಮುಂದುವರಿದರೆ ಬ್ವಾ-ಕ್ಲೇರ್ ಎಂಬ 1.6 ಕಿಲೋಮೀಟರ್ ಉದ್ದದ ರೈಲು ಸುರಂಗದೊಳಗೆ ಸೈಕಲ್ ತುಳಿಯಬಹುದು. ಚಳಿಗಾಲದಲ್ಲಿ ಬಾವಲಿಗಳು ಮಲಗುತ್ತವೆ ಎಂದು ಅದನ್ನು ಮುಚ್ಚುತ್ತಾರೆ. ಒಳಗೆ ತಣ್ಣಗಿರುತ್ತದೆ, ಸ್ವೆಟರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಎರಡನೆಯದು ಬೋನ್ ಪಟ್ಟಣದಿಂದ ಸಾಂತನೆವರೆಗಿನ 22 ಕಿಲೋಮೀಟರ್. ‘ವುವಾ ದೆ ವಿನ್ಯ’ ಎನ್ನುತ್ತಾರೆ, ದ್ರಾಕ್ಷಿ ತೋಟಗಳ ದಾರಿ ಎಂದೇ ಅರ್ಥ. ನನಗೆ ಹಿಡಿಸಿದ್ದು ಇದು. ಬೋನ್ ಊರಿನ ಬೂಜೇಜ್ ಉದ್ಯಾನದ ಪಕ್ಕದಿಂದ ಹೊರಟ ಸ್ವಲ್ಪ ಹೊತ್ತಿಗೇ ಊರು ಮುಗಿದು ತೋಟ ಶುರುವಾಗುತ್ತದೆ. ಪೊಮಾರ್, ವೊಲ್ನೆ, ಮರ್ಸೊ, ಪುಲಿನ್ಯಿ-ಮೊನ್ರಾಶೆ, ಶಸಾನ್ಯ-ಮೊನ್ರಾಶೆ, ಸಾಂತನೆ. ವೊಲ್ನೆಯ ಬಳಿ ಒಂದು ಏರು ಇದೆ, ನನ್ನ ಹೆಂಡತಿ ಇಳಿದು ತಳ್ಳಿಕೊಂಡು ಬಂದಳು, ನೀವೂ ಹಾಗೆಯೇ ಮಾಡಿ.

ಈ ಎರಡನೆಯ ದಾರಿಯಲ್ಲಿ ಸದ್ದು ಯಾಕಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕು. ಇದು ಪ್ರವಾಸಿಗಳಿಗೆಂದು ಹೊಸದಾಗಿ ಮಾಡಿದ ಉದ್ಯಾನವಲ್ಲ, ರೈತರು ಹೊಲಕ್ಕೆ ಹೋಗಿ ಬರುವ ದಾರಿ. ಒಂದು ಟ್ರ್ಯಾಕ್ಟರ್ ಹಿಡಿಸುವಷ್ಟು ಅಗಲ. ಬೇರೆ ವಾಹನಗಳಿಗೆ ಅಲ್ಲಿ ಕೆಲಸವಿಲ್ಲ, ಆದ್ದರಿಂದ ಬರುವುದಿಲ್ಲ. ರೈತನ ಟ್ರ್ಯಾಕ್ಟರ್ ಬಂದರೆ ಸೈಕಲ್ ಇಳಿದು ಅಂಚಿಗೆ ನಿಲ್ಲಬೇಕು. ಅವನ ದಾರಿಯಲ್ಲಿ ನಾವು ಅತಿಥಿಗಳು.

ಆ ಟ್ರ್ಯಾಕ್ಟರ್ ಮೊದಲ ಸಲ ಕಂಡಾಗ ನಾನು ಅರ್ಧ ಗಂಟೆ ಅಲ್ಲಿಯೇ ನಿಂತೆ. ನಮ್ಮಲ್ಲಿ ದ್ರಾಕ್ಷಿ ಎಂದರೆ ತಲೆಯ ಮೇಲಿನ ಚಪ್ಪರ. ಸಾಲಿನಿಂದ ಸಾಲಿಗೆ ಒಂಬತ್ತು ಹತ್ತು ಅಡಿ. ಚಪ್ಪರದ ಕೆಳಗೆ ತಲೆ ಬಗ್ಗಿಸಿ ನಡೆಯುತ್ತಾ, ಮೇಲಿನಿಂದ ತೂಗುವ ಗೊನೆ ನೋಡುತ್ತಾ ಬೆಳೆದವನು ನಾನು. ಅಲ್ಲಿ ಸಾಲಿನಿಂದ ಸಾಲಿಗೆ ಒಂದು ಮೀಟರ್, ಗಿಡದಿಂದ ಗಿಡಕ್ಕೂ ಒಂದು ಮೀಟರ್. ಹೆಕ್ಟೇರಿಗೆ ಹತ್ತು ಸಾವಿರ ಬಳ್ಳಿ! ಎದೆಯೆತ್ತರದ ಬೇಲಿಯಂತೆ ನಿಂತಿರುತ್ತವೆ, ಗೊನೆಗಳು ಮೊಣಕಾಲಿನ ಮಟ್ಟದಲ್ಲಿ. ಆ ಇಕ್ಕಟ್ಟಿನಲ್ಲಿ ನಮ್ಮ ಟ್ರ್ಯಾಕ್ಟರ್ ನುಗ್ಗಲಾರದು. ಹಾಗಾಗಿ ಉದ್ದ ಕಾಲಿನ ಯಂತ್ರ ಮಾಡಿಕೊಂಡಿದ್ದಾರೆ. ಚಾಲಕ ಸಾಲಿನ ಮೇಲೆ ಎತ್ತರದಲ್ಲಿ ಕುಳಿತಿರುತ್ತಾನೆ, ಚಕ್ರಗಳು ಸಾಲಿನ ಎರಡೂ ಬದಿಗೆ, ಬಳ್ಳಿ ಯಂತ್ರದ ಹೊಟ್ಟೆಯ ಕೆಳಗೆ ನುಸುಳಿ ಹೋಗುತ್ತದೆ. ಒಂದು ಎಲೆಯೂ ಹರಿಯಲಿಲ್ಲ.

ಅಲ್ಲಿಂದಲೇ ಅಪ್ಪನಿಗೆ ವಿಡಿಯೊ ಕರೆ ಮಾಡಿದೆ. ಊರಲ್ಲಿ ಆಗ ಸಂಜೆ, ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವುದಕ್ಕೆ, ಸಿದ್ಧತೆ ನಡೆದಿತ್ತು. ಅವರು ಮೊದಲು ಕೇಳಿದ್ದು ‘ಎಕರೆಗೆ ಎಷ್ಟು ಟನ್?’ ಎಂದು. ಎರಡು ಟನ್ನಿನ ಆಸುಪಾಸು ಎಂದೆ. ಅದಕ್ಕಿಂತ ಹೆಚ್ಚು ಬೆಳೆದರೆ ಆ ಊರಿನ ಹೆಸರನ್ನು ಬಾಟಲಿಯ ಮೇಲೆ ಹಾಕುವಂತಿಲ್ಲ, ಅಲ್ಲಿನ ಕಾನೂನೇ ಹಾಗೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಡ್ರಿಪ್ ಪೈಪು ಕಾಣುತ್ತಿಲ್ಲವಲ್ಲ’ ಎಂದರು. ಫಲ ಕೊಡುವ ಬಳ್ಳಿಗೆ ನೀರು ಕಟ್ಟುವ ಪದ್ಧತಿ ಇಲ್ಲಿಲ್ಲ, ಮಳೆಯೇ ಗತಿ ಎಂದೆ. ನಮ್ಮ ಮನೆಯಲ್ಲಿ ಒಂದು ಬೇಸಿಗೆ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರ್ ನೀರಿಗೆ ಅವ್ವನ ಬಳೆ ಅಡ ಇಟ್ಟಿದ್ದೆವು. ಅಪ್ಪ ‘ಬಳ್ಳಿಯ ಬುಡ ತೋರಿಸು’ ಎಂದರು. ದಾರಿಯ ಮೇಲೆಯೇ ಕುಳಿತು ಮೊಬೈಲನ್ನು ಬುಡದ ಹತ್ತಿರ ಹಿಡಿದೆ. ಮಣ್ಣಿಗಿಂತ ಸ್ವಲ್ಪ ಮೇಲೆ ಕಸಿ ಕಟ್ಟಿದ ಗಂಟು. ‘ಇದು ನಮ್ಮದರ ಹಾಗೆಯೇ ಇದೆ’ ಎಂದರು. ನಿಜ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರು ಹೀರುವ ಕೀಟ ಫ್ರಾನ್ಸಿನ ತೋಟಗಳನ್ನು ನಾಶ ಮಾಡಿದ ಮೇಲೆ ಅವರು ಅಮೆರಿಕದ ಕಾಡು ದ್ರಾಕ್ಷಿಯ ಬೇರಿಗೆ ತಮ್ಮ ತಳಿಯನ್ನು ಕಸಿ ಕಟ್ಟಿದರು. ನಾವು ತಿಕೋಟಾದಲ್ಲಿ ಉಪಯೋಗಿಸುವ ಡಾಗ್ರಿಜ್ ಬೇರೂ ಅಮೆರಿಕದ್ದೇ. ಅಷ್ಟು ದೂರ ಹೋಗಿ ಅಪ್ಪನಿಗೆ ಪರಿಚಯದ ಗಂಟೊಂದನ್ನು ತೋರಿಸಿದೆನಲ್ಲ, ಆ ಸಂತೋಷ ಇನ್ನೂ ಹೋಗಿಲ್ಲ.

ಮರುದಿನ ಮರ್ಸೊ ದಾಟಿದ ಮೇಲೆ ಮಳೆ ಹಿಡಿಯಿತು. ತೋಟದ ಮಧ್ಯೆ ಕಲ್ಲಿನ ಪುಟ್ಟ ಗುಡಿಸಲೊಂದಿತ್ತು, ಇಂಥವಕ್ಕೆ ‘ಕಾಬೊತ್’ ಎನ್ನುತ್ತಾರೆ. ಹೊಲದಿಂದ ಆಯ್ದ ಕಲ್ಲನ್ನೇ ಗಾರೆಯಿಲ್ಲದೆ ಒಂದರ ಮೇಲೊಂದು ಇಟ್ಟು, ಛಾವಣಿಯನ್ನೂ ಕಲ್ಲಿನಿಂದಲೇ ಮುಚ್ಚಿದ್ದಾರೆ. ನಾವಿಬ್ಬರೂ ಒಳಗೆ ಕುಳಿತೆವು. ಗೋಡೆಯ ಸಂದಿನಿಂದ ಗಾಳಿ ಬರುತ್ತಿತ್ತು, ನೀರು ಒಂದು ಹನಿಯೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕೊಯ್ಲಿನವರು ಮೂವರು ಓಡಿ ಬಂದರು, ನಾವು ಸರಿದು ಜಾಗ ಕೊಟ್ಟೆವು. ಅವರ ಕೈಯೆಲ್ಲ ಕಪ್ಪು, ನಮ್ಮೂರಿನ ಕೊಯ್ಲಿನವರ ಕೈಯ ಹಾಗೆಯೇ ಕತ್ತರಿ ಹಿಡಿದ ಬೆರಳಿನಲ್ಲಿ ಬೊಬ್ಬೆ. ಹೆಂಡತಿ ಬುತ್ತಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಅವರಲ್ಲೊಬ್ಬಾಕೆ ಎರಡನೆಯ ರೊಟ್ಟಿಯನ್ನು ತಾನೇ ಕೇಳಿ ತೆಗೆದುಕೊಂಡಳು. ನಮಗೆ ಫ್ರೆಂಚ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಇಪ್ಪತ್ತು ನಿಮಿಷ ಮಳೆಯನ್ನು ನೋಡುತ್ತಾ ಒಟ್ಟಿಗೆ ಕುಳಿತಿದ್ದೆವು.

ದಯವಿಟ್ಟು ಒಂದು ಮಾತು ನೆನಪಿಡಿ. ಬಳ್ಳಿಯಿಂದ ಒಂದು ಹಣ್ಣನ್ನೂ ಕೀಳಬೇಡಿ, ಸಾಲಿನೊಳಗೆ ಕಾಲಿಡಬೇಡಿ. ಬೇಲಿಯಿಲ್ಲ ಎಂದರೆ ಯಾರದೂ ಅಲ್ಲ ಎಂದರ್ಥವಲ್ಲ. ಎಕರೆಗೆ ಎರಡೇ ಟನ್ ಬೆಳೆಯುವವನಿಗೆ ಒಂದೊಂದು ಗೊನೆಯೂ ಲೆಕ್ಕದ್ದು. ಕೊಯ್ಲು ಮುಗಿದ ಸಾಲಿನಲ್ಲಿ ಉಳಿದ ಗೊನೆಯೂ ನಮ್ಮದಲ್ಲ. ಸೈಕಲ್ಲನ್ನು ಒಣಕಲ್ಲಿನ ಗೋಡೆಗೆ ಒರಗಿಸಬೇಡಿ, ಒಂದು ಕಲ್ಲು ಜಾರಿದರೆ ಇನ್ನೊಂದು ಜಾರುತ್ತದೆ.

ಊಟ. ಬೆಳಿಗ್ಗೆ ಬೇಕರಿಯ ಬ್ರೆಡ್, ಬೋನ್‌ನಲ್ಲಿ ಶನಿವಾರದ ಸಂತೆಯ ಟೊಮೇಟೊ ಮತ್ತು ಹಣ್ಣು. ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ ಮಾತ್ರ, ಆಮೇಲೆ ಅಡುಗೆಮನೆ ಮುಚ್ಚುತ್ತಾರೆ. ಭಾನುವಾರ ಮಧ್ಯಾಹ್ನ ಮತ್ತು ಸೋಮವಾರ ಹಳ್ಳಿಗಳಲ್ಲಿ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಶನಿವಾರವೇ ಕೊಂಡಿಡಿ. ನೀವು ಕಟ್ಟುನಿಟ್ಟಿನವರಾದರೆ ಚೀಸ್ ಬಗ್ಗೆ ವಿಚಾರಿಸಿ. ಅಲ್ಲಿನ ಹಳೆಯ ಹೆಸರಾಂತ ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ರೊಟ್ಟಿ, ಚಟ್ನಿಪುಡಿ, ಅವಲಕ್ಕಿ ಇಲ್ಲಿಂದ ಒಯ್ಯಿರಿ. ಮಗಳಿಗೆ ಧಾರವಾಡ ಪೇಡೆ ಒಯ್ಯುವ ಆಸೆಯಾಗುತ್ತದೆ, ಆದರೆ ಹಾಲಿನ ಪದಾರ್ಥವನ್ನು ಹೊರಗಿನಿಂದ ಯುರೋಪಿಗೆ ತರಲು ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲಿ ಎಸೆಯಬೇಕಾಗುತ್ತದೆ.

ಕುಡಿಯುವ ನೀರಿಗೆ ಅಲ್ಲಿನ ಸೈಕಲ್ಲಿನವರೆಲ್ಲ ಅನುಸರಿಸುವ ಉಪಾಯವೊಂದಿದೆ: ಹಳ್ಳಿಯ ಸ್ಮಶಾನ. ಗೇಟಿನ ಒಳಗೆ ಹೂಗಿಡಗಳಿಗೆಂದು ನಲ್ಲಿ ಇರುತ್ತದೆ. ‘ನೊಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು. ನನ್ನ ಹೆಂಡತಿ ಮೊದಲ ದಿನ ಗೇಟಿನ ಹೊರಗೆ ನಿಂತಳು, ನಾನೊಬ್ಬನೇ ಹೋಗಿ ತುಂಬಿಸಿಕೊಂಡು ಬಂದೆ. ಮೂರನೆಯ ದಿನ ಅವಳೇ ಒಳಗೆ ಹೋಗಿ, ಒಂದು ಸಮಾಧಿಯ ಮೇಲೆ ಬಾಡಿದ್ದ ಹೂವಿನ ಕುಂಡಕ್ಕೂ ನೀರು ಹಾಕಿ ಬಂದಳು.

ಇನ್ನು ನಿಮ್ಮ ತಂಗಿಯ ಪ್ರಶ್ನೆ. ಬೋನ್ ಊರಿನಲ್ಲಿ 1443ರಲ್ಲಿ ಬಡವರಿಗಾಗಿ ಕಟ್ಟಿಸಿದ ಆಸ್ಪತ್ರೆಯಿದೆ, ಛಾವಣಿಯ ಹೆಂಚು ಬಣ್ಣ ಬಣ್ಣದ್ದು. ದಾನಿಗಳು ಕಾಲಕಾಲಕ್ಕೆ ದ್ರಾಕ್ಷಿ ತೋಟಗಳನ್ನು ಅದಕ್ಕೆ ದತ್ತಿ ಬಿಟ್ಟರು. ಹಳೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ. ಆದರೂ 1859ರಿಂದ ಪ್ರತಿ ನವೆಂಬರಿನಲ್ಲಿ ಆ ತೋಟಗಳ ವೈನ್ ಹರಾಜಾಗುತ್ತದೆ, ಹಣ ಈಗಿನ ಆಸ್ಪತ್ರೆಗೆ ಹೋಗುತ್ತದೆ. ಗುಡಿಗೆ ಬಿಟ್ಟ ಇನಾಂ ಹೊಲಗಳ ಊರಿನಿಂದ ಬಂದ ನಮಗೆ ಇದು ಅರ್ಥವಾಗದ ವಿಷಯವೇ? ದ್ರಾಕ್ಷಿಯ ಸೀಮೆಯಲ್ಲಿ ನೋಡುವುದಕ್ಕೆ ದ್ರಾಕ್ಷಿ ಇದೆ ಎಂದು ತಂಗಿಗೆ ಹೇಳಿ.

ತಿಂಗಳು: ಮೇ ಕೊನೆಯಿಂದ ಜೂನ್, ಇಲ್ಲವೇ ಸೆಪ್ಟೆಂಬರ್. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಕೊಯ್ಲು ನೋಡಬೇಕೆಂದರೆ ಸೆಪ್ಟೆಂಬರ್, ಆದರೆ ಆಗ ಟ್ರ್ಯಾಕ್ಟರ್‌ಗಳ ಓಡಾಟ ಹೆಚ್ಚು.

ಮಾಟುಂಗದ ಹಿರಿಯ:

ತಂಗೀ, ಮೇಲಿನವರು ಬರೆದುದನ್ನು ಓದಿ ಮನಸ್ಸು ತುಂಬಿತು. ನಾನು ಕುಂದಾಪುರದವನು, ಮುಂಬಯಿಯಲ್ಲಿ ನಲವತ್ತೈದು ವರ್ಷ. ವಯಸ್ಸು ಅರವತ್ತಾರು. ಎರಡು ವರ್ಷದ ಹಿಂದೆ ಮಗ ಸೊಸೆಯ ಜೊತೆ ಲ್ವಾರ್ ನದಿಯ ದಂಡೆಯಲ್ಲಿ ಸೈಕಲ್ ತುಳಿದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ.

ಮಣಿಕಟ್ಟು ಮುರಿದು ಗುಣವಾದವರಿಗೆ ಬರ್ಗಂಡಿಯ ತೋಟದ ದಾರಿಗಿಂತ ಲ್ವಾರ್ ಮೇಲು ಎನಿಸುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇರಬೇಕಾಗುತ್ತದೆ, ಭಾರವೆಲ್ಲ ಮಣಿಕಟ್ಟಿಗೆ ಬೀಳುತ್ತದೆ. ಲ್ವಾರ್ ದಾರಿ ಸುಮಾರು 900 ಕಿಲೋಮೀಟರ್ ಉದ್ದ, ಅಟ್ಲಾಂಟಿಕ್ ಸಮುದ್ರದವರೆಗೆ ಹೋಗುತ್ತದೆ. ನೀವು ಅಷ್ಟು ಹೋಗುವುದು ಬೇಡ, ತೂರ್‌ನಿಂದ ಸೊಮ್ಯೂರ್‌ವರೆಗೆ ಮೂರು ನಾಲ್ಕು ದಿನ ಸಾಕು. ನದಿಯ ಜೊತೆ ಹೋಗುವ ದಾರಿಯಾದ್ದರಿಂದ ಹೆಚ್ಚಿನ ಕಡೆ ಸಮತಟ್ಟು. ಅಲ್ಲಿಯ ಬಿಳಿ ಸುಣ್ಣಕಲ್ಲಿನ ಗುಡ್ಡವನ್ನು ಕೊರೆದು ಅರಮನೆಗಳಿಗೆ ಕಲ್ಲು ಸಾಗಿಸಿದ್ದಾರೆ, ಉಳಿದ ಗವಿಗಳಲ್ಲಿ ಈಗ ವೈನ್ ಪೀಪಾಯಿ ಇಡುತ್ತಾರೆ. ಬಿಸಿಲಿನಿಂದ ಗವಿಯ ಬಾಯಿಗೆ ಹೋಗಿ ನಿಂತರೆ ನಮ್ಮೂರ ಬಾವಿಕಟ್ಟೆಯ ತಂಪು.

ಆದರೆ ಒಂದು ವಿಷಯ ನೇರವಾಗಿ ಹೇಳಬೇಕು. ಲ್ವಾರ್ ದಾರಿ ಪೂರ್ತಿ ವಾಹನರಹಿತವಲ್ಲ. ಎಷ್ಟೋ ಕಡೆ ಹಳ್ಳಿಯ ರಸ್ತೆಯಲ್ಲಿಯೇ ಹೋಗುತ್ತದೆ. ಕಾರು ಕಡಿಮೆ, ಬಂದರೂ ಹಾರ್ನ್ ಹೊಡೆಯುವುದಿಲ್ಲ. ಊರ ಹೊರಗೆ ಸೈಕಲ್ಲನ್ನು ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕೆಂಬುದು ಅಲ್ಲಿನ ಕಾನೂನು. ಕೂಡುರಸ್ತೆಯಲ್ಲಿ ಬೇರೆ ಫಲಕವಿಲ್ಲದಿದ್ದರೆ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು, ಅವನು ಸಣ್ಣ ಗಲ್ಲಿಯಿಂದ ಬಂದರೂ ಸರಿ. ಇದನ್ನು ಇಬ್ಬರೂ ಬಾಯಿಪಾಠ ಮಾಡಿಕೊಳ್ಳಿ.

ಸೈಕಲ್ ಇಲ್ಲಿಂದ ಒಯ್ಯಬೇಡಿ, ಅಲ್ಲಿಯೇ ಬಾಡಿಗೆಗೆ ತೆಗೆದುಕೊಳ್ಳಿ. ವೇಗದ ಟಿಜಿವಿ ರೈಲಿಗೆ ಸೈಕಲ್ ಬಿಚ್ಚಿ 130 ಸೆಂಟಿಮೀಟರ್ ಉದ್ದ 90 ಸೆಂಟಿಮೀಟರ್ ಅಗಲದ ಚೀಲದೊಳಗೆ ಹಾಕಬೇಕಾಗುತ್ತದೆ. ಟಿಇಆರ್ ಎಂಬ ಪ್ರಾದೇಶಿಕ ರೈಲಿನಲ್ಲಿ ಬಿಚ್ಚದೆಯೇ ಹತ್ತಿಸಬಹುದು. ಲಿಯೋಂನಿಂದ ಮಾಕೋಂ, ಶಾಲೋಂ, ಬೋನ್ ಮೂರಕ್ಕೂ ಆ ರೈಲು ಹೋಗುತ್ತದೆ, ಅದು ಮಗಳಿರುವ ಊರಿನಿಂದ ನಿಮಗೆ ದೊಡ್ಡ ಅನುಕೂಲವೇ. ಯಜಮಾನರಿಗೆ ಬ್ಯಾಟರಿ ಸೈಕಲ್ ಕೊಡಿಸಿ. ಗಂಟೆಗೆ 25 ಕಿಲೋಮೀಟರ್ ಮುಟ್ಟಿದೊಡನೆ ಅದರ ಮೋಟಾರು ತಾನೇ ನಿಂತುಬಿಡುತ್ತದೆ. ಬಾಡಿಗೆ ಸೈಕಲ್ ಹತ್ತುವ ಮೊದಲು ಬ್ರೇಕ್ ಹಿಡಿದು ನೋಡಿ. ಅಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನ ಚಕ್ರಕ್ಕೆ, ನಮ್ಮಲ್ಲಿ ಬಲಗೈಯದು. ನನ್ನ ಮಗ ಇದನ್ನು ಗಮನಿಸದೆ ಮೊದಲ ಇಳಿಜಾರಿನಲ್ಲಿಯೇ ಮುಗ್ಗರಿಸಿದ.

ವಾಸ್ಕೊ, ಊರು ಶಿರಸಿ:

ನಮಸ್ಕಾರ ಅಕ್ಕ. ನಾನು ತುಳಿದದ್ದು ಬೋರ್ಡೋ ಕಡೆ. ಅಲ್ಲಿಯೂ ಹಳೆಯ ರೈಲು ದಾರಿಯೊಂದಿದೆ, 1937ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ರೊಜೆ ಲಪೆಬಿಯ ಹೆಸರಿನದು. ಬೋರ್ಡೋ ಊರಿನಿಂದ ಸೊವೆತೆರ್-ದ-ಗ್ಯುಯೆನ್‌ವರೆಗೆ 57 ಕಿಲೋಮೀಟರಿನ ಆಸುಪಾಸು. ಕಾಡು, ಹಳೆಯ ಸ್ಟೇಷನ್‌ಗಳು, ಒಂದು ಸುರಂಗ, ದ್ರಾಕ್ಷಿ ತೋಟ. ನಡುವಿನ ಕ್ರೆಯೋಂನಲ್ಲಿ ಉಳಿದರೆ ಎರಡು ದಿನದ ದಾರಿ. ನೆರಳು ಬೇಕೆನ್ನುವವರಿಗೆ ಬರ್ಗಂಡಿಗಿಂತ ಇದು ಒಳ್ಳೆಯದು, ಬರ್ಗಂಡಿಯ ತೋಟಗಳಲ್ಲಿ ಮರವೇ ಅಪರೂಪ. ಲಿಯೋಂನಿಂದ ಮಾತ್ರ ದೂರ.

ಬರೆಯಲು ಕಾರಣ ಬೇರೆ. ತಿಕೋಟಾದ ಅಣ್ಣ ಹಣ್ಣು ಕೀಳಬೇಡಿ ಎಂದರಲ್ಲ, ಅದನ್ನು ಓದುವಾಗ ನನ್ನ ಊರು ನೆನಪಾಯಿತು. ನಮ್ಮ ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಮಳೆಗಾಲದ ಮುಂಚೆ ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಚಿಕ್ಕಂದಿನಲ್ಲಿ ನೀಲಿ ನೀರಿನ ಪೀಪಾಯಿಯನ್ನು ಕೋಲಿನಿಂದ ತಿರುಗಿಸುವ ಕೆಲಸ ನನ್ನದೇ ಆಗಿತ್ತು. ಅಡಿಕೆ ಕೊನೆಯ ಮೇಲೆ ಆ ತಿಳಿನೀಲಿ ಲೇಪ ಒಣಗಿ ಅಂಟಿರುತ್ತಿತ್ತು. ಬೋರ್ಡೋ ಎಂಬುದು ಒಂದು ಊರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಆ ದ್ರಾವಣ ಹುಟ್ಟಿದ ಕಥೆ ಇದು. ಬೋರ್ಡೋ ಸೀಮೆಯ ಮೆದೋಕ್‌ನಲ್ಲಿ ದಾರಿಹೋಕರು ರಸ್ತೆ ಬದಿಯ ಸಾಲಿನಿಂದ ದ್ರಾಕ್ಷಿ ಕೀಳುತ್ತಾರೆಂದು ರೈತರು ಮೈಲುತುತ್ತ-ಸುಣ್ಣದ ನೀರನ್ನು ಆ ಸಾಲಿಗೆ ಮಾತ್ರ ಚಿಮುಕಿಸುತ್ತಿದ್ದರು, ನೋಡಿದವರು ವಿಷವೆಂದು ಹೆದರಲಿ ಎಂದು. 1880ರ ದಶಕದಲ್ಲಿ ಬೂಜು ರೋಗ ಬಂದು ಎಲ್ಲ ತೋಟಗಳ ಎಲೆ ಉದುರಿದಾಗ ರಸ್ತೆ ಬದಿಯ ಸಾಲುಗಳು ಮಾತ್ರ ಹಸಿರಾಗಿ ಉಳಿದವು. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಲಾರ್ದೆ ಅದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಶಿರಸಿಯ ಅಡಿಕೆಯನ್ನು ಇಂದಿಗೂ ಕಾಯುತ್ತಿರುವುದು ಅದೇ.

ನಾನು ಸೈಕಲ್ ತುಳಿಯುವಾಗ ಒಂದು ಸಾಲಿನ ಎಲೆಗಳ ಮೇಲೆ ತಿಳಿನೀಲಿ ಚುಕ್ಕೆ ಕಂಡು ನಿಂತೆ. ಮುಟ್ಟಲಿಲ್ಲ, ಬಗ್ಗಿ ನೋಡಿದೆ. ಅದೇ ಬಣ್ಣ. ಮೇ, ಜೂನ್‌ನಲ್ಲಿ ಹೋಗುವುದಾದರೆ ಔಷಧಿ ಹೊಡೆಯುವ ದಿನಗಳವು ಎಂಬುದು ಗಮನದಲ್ಲಿರಲಿ. ಸಾಲುಗಳ ನಡುವೆ ಮಂಜಿನಂತೆ ಕಂಡರೆ ಗಾಳಿ ಯಾವ ಕಡೆಗಿದೆ ಎಂದು ನೋಡಿ, ಅವರು ಮುಗಿಸುವವರೆಗೆ ನಿಂತು ಆಮೇಲೆ ಹೋಗಿ.

ಕೋಥರೂಡಿನಿಂದ:

ಮೂವರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಊಟದ ನಂತರ ಎಲ್ಲವನ್ನೂ ಯಜಮಾನರಿಗೆ ಓದಿ ಹೇಳಿದೆ. ತಿಕೋಟಾದ ತಮ್ಮ ತನ್ನ ತಂದೆಯವರಿಗೆ ಬಳ್ಳಿಯ ಬುಡ ತೋರಿಸಿದ ಭಾಗವನ್ನು ಅವರು ಇನ್ನೊಮ್ಮೆ ಓದಿಸಿಕೊಂಡರು. ಅವರ ತಂದೆಯೂ ಒಕ್ಕಲುತನದವರು. ಮೊದಲು ಜಿವ್ರಿಯಿಂದ ಕ್ಲುನಿ, ಅದನ್ನು ಮೂರು ದಿನದಲ್ಲಿ ನಿಧಾನವಾಗಿ. ಅವರಿಗೆ ಧೈರ್ಯ ಬಂದರೆ ಆಮೇಲೆ ಬೋನ್ ತೋಟಗಳು. ಲ್ವಾರ್ ಇನ್ನೊಂದು ಸಲಕ್ಕೆ ಇರಲಿ ಅಣ್ಣ, ಮಗಳಿರುವ ಲಿಯೋಂಗೆ ಹತ್ತಿರವಾಗಬೇಕು. ಜೂನ್ ಮೊದಲ ವಾರ ಎಂದುಕೊಂಡಿದ್ದೇವೆ. ಪೇಡೆಯ ವಿಷಯ ಹೇಳಿದ್ದು ದೊಡ್ಡ ಉಪಕಾರ, ಎರಡು ಕಿಲೋ ತರಿಸಬೇಕೆಂದು ಅಣ್ಣನಿಗೆ ಹೇಳಿಯಾಗಿತ್ತು.

ಒಂದೇ ಪ್ರಶ್ನೆ ಉಳಿದಿದೆ. ಆ ರೈಲು ದಾರಿಯಲ್ಲಿ ಹಿಂದಿನಿಂದ ವೇಗವಾಗಿ ಬರುವ ಸೈಕಲ್ಲಿನವರು ಇರುತ್ತಾರೆಯೇ? ಅವರು ಹೇಗೆ ಎಚ್ಚರಿಸುತ್ತಾರೆ?

ತಿಕೋಟಾದವನು, ಪಿಂಪ್ರಿ:

ಇರುತ್ತಾರೆ ಅಕ್ಕನವರೇ, ಭಾನುವಾರ ಹೆಚ್ಚು. ಅಲ್ಲಿ ಸೈಕಲ್ಲಿಗೆ ಗಂಟೆ ಇರಲೇಬೇಕೆಂಬ ಕಾನೂನಿದೆ. ದೂರದಿಂದಲೇ ಒಮ್ಮೆ ಬಾರಿಸುತ್ತಾರೆ, ಹತ್ತಿರ ಬಂದಾಗ ‘ಬೊಂಜೂರ್’ ಎನ್ನುತ್ತಾರೆ. ನೀವೂ ಹಾಗೆಯೇ ಹೇಳಿ.

ಆದರೆ ನೀವು ಕೇಳಿದ್ದರಿಂದ ಒಂದು ವಿಷಯ ಹೊಳೆಯಿತು, ಇದನ್ನು ಮೊದಲೇ ಬರೆಯಬೇಕಿತ್ತು. ಸದ್ದು ಕೇಳಿದೊಡನೆ ಯಜಮಾನರ ಸೈಕಲ್ ಎಡಕ್ಕೆ ಜಗ್ಗುತ್ತದೆ ಎಂದು ಬರೆದಿದ್ದೀರಿ. ನಮ್ಮ ರಸ್ತೆಯಲ್ಲಿ ಅದು ಅವರನ್ನು ಅಂಚಿಗೆ ಒಯ್ಯುತ್ತದೆ. ಅಲ್ಲಿ ಬಲಗಡೆಯಲ್ಲಿ ಹೋಗಬೇಕು, ದಾಟುವವರು ಎಡಗಡೆಯಿಂದ ದಾಟುತ್ತಾರೆ. ಎಡಕ್ಕೆ ಜಗ್ಗಿದರೆ ನೇರವಾಗಿ ಅವರ ಚಕ್ರಕ್ಕೇ ಹೋಗುತ್ತಾರೆ. ಮೂವತ್ತು ವರ್ಷದ ಅಭ್ಯಾಸ ಒಂದು ದಿನದಲ್ಲಿ ಬದಲಾಗದು, ನನಗೇ ಮೊದಲ ಎರಡು ದಿನ ಕಷ್ಟವಾಯಿತು.

ಜೂನ್‌ಗೆ ಇನ್ನೂ ಸಮಯವಿದೆ. ನಿಮ್ಮ ಸೊಸೈಟಿಯ ಅಂಗಳ ಬೆಳಿಗ್ಗೆ ಖಾಲಿ ಇರುತ್ತದೆಯಲ್ಲವೇ? ರಸ್ತೆಗೆ ಹೋಗಬೇಡಿ, ಅಂಗಳದಲ್ಲಿಯೇ ದಿನಕ್ಕೆ ಹತ್ತು ಸುತ್ತು. ಅವರು ಮುಂದೆ, ನೀವು ಹಿಂದೆ. ಒಂದು ಒಳ್ಳೆಯ ಹಿತ್ತಾಳೆ ಗಂಟೆ ಹಾಕಿಸಿಕೊಳ್ಳಿ. ಮೊದಲು ದೂರದಿಂದ ಬಾರಿಸಿ, ಆಮೇಲೆ ಹತ್ತಿರದಿಂದ. ಬಾರಿಸಿದಾಗಲೆಲ್ಲ ಅವರು ಬಲಕ್ಕೆ ಸರಿಯಲಿ, ನೀವು ಎಡದಿಂದ ದಾಟಿ ಮುಂದೆ ಹೋಗಿ.